ಎಸ್ಸೆಸ್ಸೆಲ್ಸಿ ಮುಗಿಸಿ ನೇರ ನರ್ಸಿಂಗ್? ಜಗಳೂರು ಸೀಮೆಯ ಒಂದು ಪ್ರಕರಣ

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ, ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿ, ಹತ್ತನೇ ತರಗತಿಗೆ ಬರುವ ಹೊತ್ತಿಗೇ ನರ್ಸ್ ಆಗುವುದೆಂದು ಗಟ್ಟಿ ಮಾಡಿಕೊಂಡಿದ್ದಳು. 2023ರ ಮೇ ತಿಂಗಳಲ್ಲಿ ಫಲಿತಾಂಶ ಬಂತು, ಪ್ರಥಮ ದರ್ಜೆ. ಆಗ ಆಕೆಗೆ ಹದಿನೈದು ವರ್ಷ. ಮನೆಯವರ ಮುಂದೆ ಎರಡು ದಾರಿಗಳಿದ್ದವು. ಊರಿಗೆ ಬಂದ ಕರಪತ್ರವೊಂದು ಎಸ್ಸೆಸ್ಸೆಲ್ಸಿ ಪಾಸಾದವರಿಗೂ ಫೇಲಾದವರಿಗೂ ಒಂದು ವರ್ಷದ ‘ನರ್ಸಿಂಗ್ ಕೋರ್ಸ್’ ಇದೆ, ಮುಗಿದ ತಕ್ಷಣ ಕೆಲಸ ಖಚಿತ ಎನ್ನುತ್ತಿತ್ತು. ಇನ್ನೊಂದು ದಾರಿ ಪಿಯುಸಿ ವಿಜ್ಞಾನ, ಆಮೇಲೆ ನರ್ಸಿಂಗ್. ಅಂದರೆ ಕೈಗೆ ಸಂಬಳ ಬರಲು ಐದಾರು ವರ್ಷ.

ನಾನು ಆ ಶಾಲೆಯ ವಿಜ್ಞಾನ ಶಿಕ್ಷಕಿ. ಹುಡುಗಿಯ ಮತ್ತು ತಂದೆತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬರೆಯುವುದಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಯಾವುದಾದರೂ ಮನೆಯಿಂದ ಇದೇ ಪ್ರಶ್ನೆ ನನ್ನ ಬಳಿಗೆ ಬರುತ್ತದೆ. ಚುರುಕಾದ ಮಕ್ಕಳು ಕರಪತ್ರ ನಂಬಿ ಹೋಗಿ, ವರ್ಷದ ನಂತರ ಯಾವ ಆಸ್ಪತ್ರೆಯೂ ಒಪ್ಪದ ಪ್ರಮಾಣಪತ್ರ ಹಿಡಿದು ಮರಳುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಈ ಮನೆಯಲ್ಲಿ ಹಾಗಾಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ವಿವರವಾಗಿ ಹೇಳಿದರೆ ಇನ್ನೊಂದು ಮನೆಗೆ ಉಪಯೋಗವಾದೀತು.

ಆಸೆ ಹುಟ್ಟಿದ್ದು

ಮಳೆ ನಂಬಿದ ಎರಡೂವರೆ ಎಕರೆ ಹೊಲ; ಮೆಕ್ಕೆಜೋಳ, ಒಂದಿಷ್ಟು ಈರುಳ್ಳಿ. ತಾಯಿ ಕೂಲಿಗೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ, ಒಬ್ಬ ತಮ್ಮ. ಅಜ್ಜಿಗೆ ಸಕ್ಕರೆ ಕಾಯಿಲೆ. 2022ರ ಬೇಸಿಗೆಯಲ್ಲಿ ಅಜ್ಜಿಯ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯವರಲ್ಲಿ ಹಲವರಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಗಾಯ ಕೀವುಗಟ್ಟುವವರೆಗೂ ಅವರಿಗೆ ನೋವೇ ತಿಳಿಯಲಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ತಾಯಿ ಕೂಲಿ ಬಿಡುವಂತಿರಲಿಲ್ಲ. ರಜೆಯಲ್ಲಿದ್ದ ಹುಡುಗಿ ಅಜ್ಜಿಯ ಜೊತೆಗೆ ನಿಂತಳು. ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು, ಪಾದ ಉಳಿಯಿತು.

ರಜೆ ಮುಗಿದು ಶಾಲೆ ಶುರುವಾದಾಗ ಆಕೆ ಹೇಳಿದ್ದು ಆಪರೇಷನ್ ಬಗ್ಗೆ ಅಲ್ಲ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಬಗ್ಗೆ. ಬಟ್ಟೆ ಬಿಚ್ಚುವ ಮೊದಲೇ ಅವರು ಬೇಕಾದದ್ದನ್ನೆಲ್ಲ ಟ್ರೇಯಲ್ಲಿ ಜೋಡಿಸಿಕೊಳ್ಳುತ್ತಿದ್ದರಂತೆ. ಗಾಯಕ್ಕೆ ಅಂಟಿದ ಗಾಜ್ ಬಟ್ಟೆಯನ್ನು ಎಂದೂ ಎಳೆಯುತ್ತಿರಲಿಲ್ಲ. ಸಲೈನ್ ಹನಿಸಿ, ಅದು ನೆನೆದು ತಾನೇ ಬಿಡುವವರೆಗೆ ಕಾಯುತ್ತಿದ್ದರು. ‘ಅಜ್ಜೀ, ಈಗ ಸ್ವಲ್ಪ ಉರಿಯುತ್ತದೆ. ತಡೆಯಲಾಗದಿದ್ದರೆ ಹೇಳಿ, ನಿಲ್ಲಿಸುತ್ತೇನೆ’ ಎನ್ನುತ್ತಿದ್ದರು. ಒಬ್ಬರ ನೋವಿಗೆ ಇಷ್ಟು ಮರ್ಯಾದೆ ಕೊಡುವ ಕೆಲಸವೊಂದಿದೆ ಎಂಬುದು ಆ ಹುಡುಗಿಗೆ ಅಲ್ಲಿ ಗೊತ್ತಾಯಿತು. ಟಿವಿ ನೋಡಿ, ಬಿಳಿ ಉಡುಪು ನೋಡಿ ಹುಟ್ಟುವ ಆಸೆಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಕೀವಿನ ವಾಸನೆಯ ಪಕ್ಕದಲ್ಲೇ ಮಲಗಿ ಎದ್ದು ಬಂದ ಮೇಲೂ ಆಸೆ ಉಳಿದಿದ್ದರೆ ಅದನ್ನು ನಂಬಬಹುದು ಎಂದು ನನಗನ್ನಿಸಿತು.

ಆಕೆಯ ಇನ್ನೊಂದು ಪ್ರಶ್ನೆ: ‘ಪಕ್ಕದ ಹಾಸಿಗೆಯವರ ಡ್ರಿಪ್ ನೋಡುತ್ತಾ ಸಿಸ್ಟರ್ ಗಡಿಯಾರ ಹಿಡಿದು ಹನಿ ಎಣಿಸುತ್ತಿದ್ದರು. ಎಷ್ಟು ಹನಿ ಬೀಳಬೇಕೆಂದು ಅವರಿಗೆ ಹೇಗೆ ಗೊತ್ತು ಮೇಡಂ?’

ಆ ದಿನ ಪಾಠ ಬಿಟ್ಟು ಅದನ್ನೇ ಕರಿಹಲಗೆಯ ಮೇಲೆ ಬರೆದೆ. 500 ಮಿಲಿಲೀಟರ್ ಬಾಟಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕು ಎಂದಿಟ್ಟುಕೊಳ್ಳಿ. ಒಂದು ಮಿಲಿಲೀಟರ್‌ಗೆ 20 ಹನಿ ಬೀಳುವ ನಳಿಕೆಯಾದರೆ ಒಟ್ಟು 10,000 ಹನಿ. ನಾಲ್ಕು ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇಡೀ ತರಗತಿ ಸುಮ್ಮನಾಗಿ ಕೇಳಿತು. ಮುಂದೆ ಔಷಧದ ಲೆಕ್ಕ: 5 ಮಿಲಿಲೀಟರ್ ಸಿರಪ್‌ನಲ್ಲಿ 250 ಮಿಲಿಗ್ರಾಂ ಔಷಧವಿದ್ದು, ಮಗುವಿಗೆ 150 ಮಿಲಿಗ್ರಾಂ ಕೊಡಬೇಕಾದರೆ ಎಷ್ಟು ಕುಡಿಸಬೇಕು? ಉತ್ತರ 3 ಮಿಲಿಲೀಟರ್. ಹಿಂದಿನ ಬೆಂಚಿನ ಹುಡುಗನೊಬ್ಬ 30 ಎಂದ. ಈಕೆ ತಿರುಗಿ, ‘ಅಷ್ಟು ಕುಡಿಸಿದರೆ ಹತ್ತು ಪಟ್ಟಾಗುತ್ತದಲ್ಲೋ’ ಎಂದಳು. ಗಣಿತ ಕಷ್ಟವೆಂದು ನರ್ಸಿಂಗ್ ಕಡೆಗೆ ವಾಲುವ ಮಕ್ಕಳಿಗೆ ನಾನು ಈಗಲೂ ಮೊದಲು ಕೊಡುವುದು ಈ ಎರಡು ಲೆಕ್ಕಗಳನ್ನು. ಅನುಪಾತ, ದಶಮಾಂಶ, ಏಕಮಾನ ಬದಲಾವಣೆ ಇವೆಲ್ಲ ಏಳು ಎಂಟನೇ ತರಗತಿಯ ಪಾಠಗಳೇ. ವಾರ್ಡಿನಲ್ಲಿ ಅವು ತಪ್ಪಿದರೆ ಅಂಕವಲ್ಲ, ಜೀವ ಹೋಗುತ್ತದೆ.

ಕರಪತ್ರದ ಸಂಸ್ಥೆ

ತಂದೆಯ ಮಾತಿನಲ್ಲಿ ನ್ಯಾಯವಿತ್ತು. ‘ಮೇಡಂ, ಒಂದು ವರ್ಷದಲ್ಲಿ ಕೆಲಸ ಸಿಗುತ್ತದೆ ಎಂದರೆ ನಾನು ಹೇಗೆ ಬೇಡ ಎನ್ನಲಿ? ಮಳೆ ಕೈಕೊಟ್ಟರೆ ಪಿಯುಸಿ ಎರಡನೇ ವರ್ಷಕ್ಕೆ ನಾನು ಎಲ್ಲಿಂದ ತರಲಿ?’ ಬೇಡ ಎಂದು ಬಾಯಲ್ಲಿ ಹೇಳುವುದಕ್ಕಿಂತ ಹೋಗಿ ನೋಡಿ ಬರೋಣ ಎಂದೆ. ತಂದೆ, ಮಗಳು, ನಾನು ಮೂವರೂ ಹೋದೆವು.

ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಬೆಂಚುಗಳು, ಇನ್ನೊಂದರಲ್ಲಿ ಮಂಚದ ಮೇಲೆ ಪ್ಲಾಸ್ಟಿಕ್ ಬೊಂಬೆ. ಮುಖ್ಯಸ್ಥರು ಸೌಜನ್ಯದಿಂದಲೇ ಮಾತನಾಡಿಸಿದರು. ಮಾನ್ಯತೆ ಇದೆಯೇ ಎಂದು ಕೇಳಿದಾಗ ಗೋಡೆಯ ಮೇಲಿದ್ದ ಚೌಕಟ್ಟು ತೋರಿಸಿದರು. ಹತ್ತಿರ ಹೋಗಿ ಓದಿದೆ. ಅದು ಟ್ರಸ್ಟ್ ನೋಂದಣಿಯ ಪತ್ರ. ಟ್ರಸ್ಟನ್ನು ಯಾರು ಬೇಕಾದರೂ ನೋಂದಾಯಿಸಬಹುದು. ಕೋರ್ಸಿನ ಅನುಮತಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಸರ್ಕಾರದ ಮೊಹರು ಕಂಡರೆ ಸಾಕು, ಸರ್ಕಾರದ ಮಾನ್ಯತೆ ಎಂದು ನಮ್ಮ ಜನ ನಂಬಿಬಿಡುತ್ತಾರೆ. ಮೋಸ ನಡೆಯುವುದು ಅಲ್ಲೇ.

ಹುಡುಗಿಗೆ ಒಂದು ಪ್ರಶ್ನೆ ಹೇಳಿಕೊಟ್ಟಿದ್ದೆ; ಕೇಳಿದವಳು ಆಕೆಯೇ. ‘ಸರ್, ಇದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನನ್ನ ಹೆಸರು ನೋಂದಣಿ ಆಗುತ್ತದೆಯೇ?’ ಅವರು ಸ್ವಲ್ಪ ತಡೆದು, ‘ಅದೆಲ್ಲ ಆಮೇಲಿನ ಮಾತಮ್ಮಾ, ಮೊದಲು ಅನುಭವ ಮುಖ್ಯ’ ಎಂದರು. ಯಾವ ಆಸ್ಪತ್ರೆಯಲ್ಲಿ ತರಬೇತಿ, ಪರೀಕ್ಷೆ ನಡೆಸುವವರು ಯಾರು ಎಂಬುದಕ್ಕೂ ನೇರ ಉತ್ತರ ಬರಲಿಲ್ಲ. ಕೆಳಗಿಳಿದು ಬಸ್ ನಿಲ್ದಾಣದ ಬಳಿ ಮಂಡಕ್ಕಿ ಮಿರ್ಚಿ ತಿನ್ನುವಾಗ ತಂದೆಯೇ ಹೇಳಿದರು: ‘ಬೀಜದಂಗಡಿಯವನು ರಸೀದಿ ಕೊಡುವುದಿಲ್ಲ ಎಂದರೆ ನಾನು ಬೀಜ ಕೊಳ್ಳುವುದಿಲ್ಲ ಮೇಡಂ.’

ನರ್ಸ್ ಎನ್ನಿಸಿಕೊಳ್ಳಲು ನೋಂದಣಿ ಬೇಕು. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಕಾಲದಿಂದಲೂ ಶಿಕ್ಷಣದ ಮಟ್ಟವನ್ನು ದೇಶಕ್ಕೆಲ್ಲ ಒಂದೇ ಅಳತೆಯಲ್ಲಿ ನಿಗದಿ ಮಾಡಲಾಗಿದೆ. ನರ್ಸ್‌ಗಳ ಹೆಸರನ್ನು ದಾಖಲಿಸಿಕೊಳ್ಳುವುದು ರಾಜ್ಯದ ಕೌನ್ಸಿಲ್. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆರೈಕೆ ಆಯೋಗಕ್ಕಾಗಿ ಹೊಸ ಕಾಯ್ದೆ ಮಾಡಿತು. ನೋಂದಣಿಯ ತತ್ವ ಬದಲಾಗಿಲ್ಲ. ಕಾಲೇಜು ನೋಡಲು ಹೋದವರು ಬಿ.ಎಸ್ಸಿ ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪರೀಕ್ಷೆ ಬರೆಸುತ್ತಾರೆಯೇ ಎಂದು ಕೇಳಬೇಕು. ಮಕ್ಕಳು ವಾರ್ಡಿನ ಕೆಲಸ ಕಲಿಯುವ ಆಸ್ಪತ್ರೆಯ ಹೆಸರನ್ನೂ ಕೇಳಬೇಕು. ಸರಿಯಾದ ಕಾಲೇಜಿನವರು ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವುದಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕೆಲವೇ ತಿಂಗಳ ಆರೈಕೆ ಸಹಾಯಕರ ತರಬೇತಿಗಳೂ ಇವೆ. ವೃದ್ಧರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಆ ಕೆಲಸ ಗೌರವದ್ದೇ. ಅದನ್ನು ಅದೇ ಹೆಸರಿನಲ್ಲಿ ಕಲಿಸಿದರೆ ನನ್ನ ತಕರಾರಿಲ್ಲ. ನರ್ಸಿಂಗ್ ಎಂದು ಹೇಳಿ ಬಡವರ ಹಣ ಕಟ್ಟಿಸಿಕೊಳ್ಳುವುದು ಅನ್ಯಾಯ.

ದೊಡ್ಡಮ್ಮನ ಮಾತು

ಮನೆಯಲ್ಲಿ ಇನ್ನೊಂದು ತೊಡಕಿತ್ತು. ತಾಯಿಯ ಅಕ್ಕ ಪಕ್ಕದ ತಾಲ್ಲೂಕಿನ ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ, ಅಂದರೆ ಹೆರಿಗೆ, ಲಸಿಕೆ ನೋಡಿಕೊಳ್ಳುವ ಸಹಾಯಕ ನರ್ಸ್. ಈಗ ಆ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಿದೆ. ಹಳ್ಳಿಯಲ್ಲಿ ಎಲ್ಲರಿಗೂ ಅವರು ನರ್ಸಮ್ಮನೇ. ‘ನಾನು ಎಸ್ಸೆಸ್ಸೆಲ್ಸಿ ಮುಗಿಸಿಯೇ ಸೇರಿದ್ದು. ನಿನಗೇಕೆ ಪಿಯುಸಿ?’ ಎಂಬುದು ಅವರ ವಾದ. ಅವರ ಕಾಲಕ್ಕೆ ಅದು ನಿಜ. ಈಗ ಎಎನ್‌ಎಂ ಕೋರ್ಸಿಗೂ ಪಿಯುಸಿ ಆಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬಿರಬೇಕು. ಬಿ.ಎಸ್ಸಿಗೂ ಅದೇ ವಯಸ್ಸು. ಹದಿನೈದರ ಹುಡುಗಿ ಯಾವ ಬಾಗಿಲು ತಟ್ಟಿದರೂ ಎರಡು ವರ್ಷ ಕಾಯಲೇಬೇಕು ಎಂದ ಮೇಲೆ ಆ ಎರಡು ವರ್ಷವನ್ನು ಪಿಯುಸಿಗೆ ಕೊಡುವುದೇ ಲೇಸಲ್ಲವೇ? ದೊಡ್ಡಮ್ಮ ತಮ್ಮ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಂಡು ಬಂದು ಒಪ್ಪಿದರು. ಒಪ್ಪಿದ ಮೇಲೆ ಇಡೀ ಮನೆಯಲ್ಲಿ ಆ ಹುಡುಗಿಗೆ ಅವರಷ್ಟು ಬೆಂಬಲ ಕೊಟ್ಟವರು ಬೇರೆ ಇಲ್ಲ.

ದಸರಾ ರಜೆಯ ಒಂದು ಗುರುವಾರ, ಲಸಿಕೆ ಹಾಕುವ ದಿನ, ವೈದ್ಯಾಧಿಕಾರಿಯ ಅನುಮತಿ ಕೇಳಿ ಆಕೆಯನ್ನು ಜೊತೆಗೆ ಕರೆದುಕೊಂಡು ಹೋದರು. ಷರತ್ತು ಮೂರು: ಸೂಜಿ, ಔಷಧ ಮುಟ್ಟುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಯಾರ ಕಾಯಿಲೆಯ ಮಾತನ್ನೂ ಊರಿಗೆ ತರುವಂತಿಲ್ಲ. ಆಕೆ ಮಾಡಿದ್ದು ತಾಯಿ ಕಾರ್ಡುಗಳನ್ನು ವರಸೆಯಲ್ಲಿ ಜೋಡಿಸಿಕೊಟ್ಟ ಕೆಲಸ ಮಾತ್ರ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕಾದ್ದರಿಂದ ದೊಡ್ಡಮ್ಮ ಡಬ್ಬಿಯ ಮುಚ್ಚಳವನ್ನು ಸುಮ್ಮಸುಮ್ಮನೆ ತೆರೆಯದೆ ಇರುವುದು, ಆರು ವಾರದ ಮಗುವಿನ ತೊಡೆಗೆ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಹಾಕುವ ಮೊದಲು ತಾಯಿ ಮಗುವನ್ನು ಹೇಗೆ ಹಿಡಿಯಬೇಕೆಂದು ತೋರಿಸುವುದು, ಲಸಿಕೆಯ ನಂತರ ಅರ್ಧ ಗಂಟೆ ಕೂರಿಸಿಕೊಳ್ಳುವುದು, ಇವನ್ನೆಲ್ಲ ನೋಡಿದಳು. ಜ್ವರ ಬರಬಹುದು ಎಂಬ ಒಂದೇ ಮಾತನ್ನು ಪ್ರತಿಯೊಬ್ಬ ತಾಯಿಗೂ ಮೊದಲ ಸಲ ಹೇಳುವವರಂತೆ ಹೇಳುತ್ತಿದ್ದರು ಎಂದು ಆಕೆ ಬೆರಗಿನಿಂದ ಹೇಳಿದ್ದು ನೆನಪಿದೆ. ಪ್ರೌಢಶಾಲೆಯ ಮಗುವಿಗೆ ವೃತ್ತಿಯನ್ನು ಹೀಗೆ ಹತ್ತಿರದಿಂದ ತೋರಿಸುವುದಕ್ಕಿಂತ ದೊಡ್ಡ ಉಪಕಾರವಿಲ್ಲ. ನೋಡಿದ ಮೇಲೆ ಬೇಡವೆನಿಸಿದರೆ ಅದೂ ಲಾಭವೇ.

ತಾಯಿಯ ಭಯ ರಾತ್ರಿ ಪಾಳಿಯದು, ಮದುವೆಯದು. ಅದಕ್ಕೂ ಉತ್ತರ ಕೊಟ್ಟದ್ದು ದೊಡ್ಡಮ್ಮನೇ: ‘ನಿನ್ನ ಎರಡೂ ಹೆರಿಗೆ ರಾತ್ರಿಯೇ ಆದವು. ಪಕ್ಕದಲ್ಲಿದ್ದ ಸಿಸ್ಟರ್ ಕೂಡ ಯಾರೋ ಒಬ್ಬರ ಮಗಳೇ.’

ಎರಡು ವರ್ಷ

ದಾರಿಗಳನ್ನು ಒಂದು ಹಾಳೆಯಲ್ಲಿ ಬರೆದು ತಂದೆಯ ಕೈಗೆ ಕೊಟ್ಟಿದ್ದೆ. ಎಎನ್‌ಎಂ ಎರಡು ವರ್ಷ, ಹುಡುಗಿಯರಿಗೆ. ಜಿಎನ್‌ಎಂ ಮೂರು ವರ್ಷ. ಪಿಯುಸಿಯಲ್ಲಿ ಯಾವ ವಿಭಾಗವಾದರೂ ಇಂಗ್ಲಿಷ್ ಸಹಿತ ಶೇ 40 ಅಂಕ ಸಾಕು. ಬಿ.ಎಸ್ಸಿ ನಾಲ್ಕು ವರ್ಷ; ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಕನಿಷ್ಠ ಶೇ 45, ಪರಿಶಿಷ್ಟರಿಗೆ ಶೇ 40; ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಈ ಕೊನೆಯ ಎರಡೂ ಗಂಡು ಹುಡುಗರಿಗೂ ತೆರೆದಿವೆ. ಎಸ್ಸೆಸ್ಸೆಲ್ಸಿಗೇ ಸೇರಬಹುದಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳೂ ನಮ್ಮ ರಾಜ್ಯದಲ್ಲಿವೆ. ಪ್ರಯೋಗಾಲಯ, ಎಕ್ಸ್‌ರೇ ಕೆಲಸಕ್ಕೆ ಅವು ಒಳ್ಳೆಯವು, ಆದರೆ ಅವು ನರ್ಸಿಂಗ್ ಅಲ್ಲ. ಕಲಾ ವಿಭಾಗ ಓದಿದರೂ ಜಿಎನ್‌ಎಂ ಸಿಗುತ್ತದೆಂದು ಗೊತ್ತಾದಾಗ ತಂದೆ ಅದರತ್ತ ವಾಲಿದರು. ನಾನು ವಿಜ್ಞಾನಕ್ಕೆ ಪಟ್ಟು ಹಿಡಿದೆ. ವಿಜ್ಞಾನ ಓದಿದರೆ ಬಿ.ಎಸ್ಸಿಯ ಬಾಗಿಲು ತೆರೆದಿರುತ್ತದೆ, ಜಿಎನ್‌ಎಂ ಹೇಗೂ ಇದ್ದೇ ಇರುತ್ತದೆ.

ಆಕೆ ದಾವಣಗೆರೆಯ ಒಂದು ಸರ್ಕಾರಿ ಪಿಯು ಕಾಲೇಜು ಸೇರಿದಳು. ವಾಸ ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿತ್ತು. ನಮ್ಮ ಸೀಮೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. ಆದರೂ ಸರ್ಕಾರಿ ಬಸ್ಸಿನ ವೇಳೆ ಗೊತ್ತು ಮಾಡಿಕೊಂಡು ಕಾದರೆ ತಾಯಿಗೂ ಮಗಳಿಗೂ ಓಡಾಟದ ಖರ್ಚಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದ ಮೇಲೆ ತಾಯಿ ಅದರಲ್ಲಿ ಭೌತಶಾಸ್ತ್ರದ ಟ್ಯೂಷನ್ ಕಟ್ಟಿದರು.

ಕಷ್ಟವಾದದ್ದು ಇಂಗ್ಲಿಷ್. ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ ಎಂದು ಕಣ್ಣುಮುಚ್ಚಿ ಚಿತ್ರ ಬರೆದು ಗುರುತಿಸುತ್ತಿದ್ದ ಹುಡುಗಿ ಮೊದಲ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಜೀವಶಾಸ್ತ್ರದಲ್ಲೇ ನಪಾಸಾದಳು. ಹಾಸ್ಟೆಲಿನಿಂದ ಫೋನ್ ಮಾಡಿ ಅತ್ತಳು. ವಿಷಯ ಗೊತ್ತಿಲ್ಲದೆ ಸೋತದ್ದಲ್ಲ, ಪ್ರಶ್ನೆಯೇ ಅರ್ಥವಾಗದೆ ಸೋತದ್ದು. ಹತ್ತನೇ ತರಗತಿಯ ಕನ್ನಡ ಪಠ್ಯವನ್ನೂ ಇಂಗ್ಲಿಷ್ ಪಠ್ಯವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅದೇ ಪಾಠ, ಅದೇ ಚಿತ್ರ, ಸಾಲಿಗೆ ಸಾಲು ಓದಲು ಹೇಳಿದೆ. ಗೊತ್ತಿರುವ ವಿಷಯದ ಮೂಲಕ ಗೊತ್ತಿಲ್ಲದ ಭಾಷೆ ಹಿಡಿಯುವುದು ಬೇಗ. ದಸರಾ ಹೊತ್ತಿಗೆ ಪಾಸಾಗತೊಡಗಿದಳು. ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವವರೆಗಿನ ರಜೆಯಲ್ಲಿ ಇದೊಂದನ್ನು ಮಾಡಿಕೊಂಡರೆ ಎಷ್ಟೋ ಅಳು ತಪ್ಪುತ್ತದೆ.

ಕಾಗದಪತ್ರ

ಇದು ಬೇಸರದ ವಿಷಯ; ಆದರೆ ಸೀಟು ತಪ್ಪುವುದು ಬಹಳ ಸಲ ಇಲ್ಲಿಯೇ. ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳು ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗೆ ಎರಡೂ ಸಲ್ಲುತ್ತವೆ. ಆದರೆ ಬಾಯಲ್ಲಿ ಹೇಳಿದರೆ ಸಾಲದು. ಮುಖ್ಯ ಶಿಕ್ಷಕರು ಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಈಕೆ ಪ್ರಾಥಮಿಕ ಶಾಲೆ ಓದಿದ್ದು ಬೇರೆ ಊರಿನಲ್ಲಿ, ಅಜ್ಜಿಯ ತವರಿನಲ್ಲಿ. ಆ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಒಂದು ಇನಿಷಿಯಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಮೂರು ಕಡೆ ಮೂರು ರೀತಿ.

ಹತ್ತನೇ ತರಗತಿಯಲ್ಲೇ ಇದು ಕಣ್ಣಿಗೆ ಬಿದ್ದದ್ದರಿಂದ ಸರಿಪಡಿಸಲು ಸಮಯ ಸಿಕ್ಕಿತು. ಅಂಕಪಟ್ಟಿಯಲ್ಲಿರುವಂತೆಯೇ ಆಧಾರ್ ತಿದ್ದಿಸಿ, ಬ್ಯಾಂಕ್ ಖಾತೆಗೆ ಜೋಡಿಸಿ, ನಾಡಕಚೇರಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರ ಮಾಡಿಸಿದರು. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಹೆಸರು ತಾಳೆಯಾಗದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. ಮಕ್ಕಳು ಒಂಬತ್ತನೇ ತರಗತಿಯಲ್ಲಿರುವಾಗಲೇ ತಂದೆತಾಯಿ ಈ ಕಾಗದಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಬೇಕೆಂದು ಕೈಮುಗಿದು ಕೇಳುತ್ತೇನೆ.

ಆಯ್ಕೆ

2025ರಲ್ಲಿ ದ್ವಿತೀಯ ಪಿಯುಸಿ ಪ್ರಥಮ ದರ್ಜೆಯಲ್ಲಿ ಮುಗಿಯಿತು, ಸಿಇಟಿ ಬರೆದಳು. ದಾವಣಗೆರೆಯಲ್ಲಿ ಬಯಸಿದ ಬಿ.ಎಸ್ಸಿ ಸೀಟು ಸಿಗಲಿಲ್ಲ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಸರ್ಕಾರಿ ಕೋಟಾದಲ್ಲಿ ಸಿಕ್ಕಿತು. ಅದೇ ವೇಳೆ ದಾವಣಗೆರೆಯಲ್ಲೇ ಜಿಎನ್‌ಎಂ ಸೀಟೂ ಸಿಗುವಂತಿತ್ತು. ಒಂದು ವರ್ಷ ಕಡಿಮೆ, ಊರಿಗೆ ಹತ್ತಿರ. ಮನೆಯಲ್ಲಿ ಮತ್ತೆ ಚರ್ಚೆ.

ಲೆಕ್ಕ ಹಾಕಿದೆವು. ಜಿಎನ್‌ಎಂ ಮೂರು ವರ್ಷ. ಮುಂದೆ ಪದವಿ ಬೇಕೆಂದರೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಎರಡು ವರ್ಷ, ಒಟ್ಟು ಐದು. ನೇರ ಬಿ.ಎಸ್ಸಿ ನಾಲ್ಕೇ ವರ್ಷ. ಏಮ್ಸ್ ಸಂಸ್ಥೆಗಳ ಶುಶ್ರೂಷಾಧಿಕಾರಿ ಹುದ್ದೆಗಳ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ ಮುಗಿಸಿ ನೋಂದಣಿಯಾದವರು ಅನುಭವವಿಲ್ಲದೆಯೇ ಕೂರಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ ಐವತ್ತು ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಖರ್ಚು ಮಾತ್ರ ಬಿ.ಎಸ್ಸಿಗೇ ಹೆಚ್ಚು. ₹4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ, ತಂದೆತಾಯಿ ಸಹಸಾಲಗಾರರಾದರೆ ಸಾಕು ಎಂದು ತಿಳಿದ ಮೇಲೆ ತಂದೆಯ ಮುಖ ಸಡಿಲವಾಯಿತು. ಹೊಲದ ಪಹಣಿ ಬ್ಯಾಂಕಿಗೆ ಹೋಗುತ್ತದೆಂಬುದೇ ಅವರ ಅಂಜಿಕೆಯಾಗಿತ್ತು. ಸಾಲದ ಬಡ್ಡಿ, ತೀರಿಸುವ ಗಡುವು ಎಲ್ಲವನ್ನೂ ಹುಡುಗಿಯೇ ಓದಿ ಹೇಳಿ, ಚಿತ್ರದುರ್ಗಕ್ಕೆ ಹೋಗುತ್ತೇನೆಂದಳು. ತೀರ್ಮಾನ ಆಕೆಯದಾಗಿದ್ದಕ್ಕೆ ನನಗೆ ಬಹಳ ಸಂತೋಷವಿದೆ.

ಈಗ ಮೊದಲ ಸೆಮಿಸ್ಟರ್. ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಃಶಾಸ್ತ್ರ, ಇಂಗ್ಲಿಷ್, ಜೊತೆಗೆ ನರ್ಸಿಂಗ್ ತಳಹದಿ. ಮೊದಲು ಕಲಿಸಿದ್ದು ಕೈ ತೊಳೆಯುವುದು ಮತ್ತು ಹಾಸಿಗೆ ಹಾಸುವುದು. ಹಾಸಿಗೆ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದರೂ ಎದ್ದು ಹೊರಳಲಾಗದ ರೋಗಿಯ ಬೆನ್ನಿನಲ್ಲಿ ಹುಣ್ಣಾಗುವ ಸಂಭವವಿದೆ ಎಂದು ಫೋನಿನಲ್ಲಿ ಹೇಳಿದಳು. ಅಂಗರಚನೆಯ ಪುಸ್ತಕ ಇನ್ನೂ ನಿಧಾನವಾಗಿಯೇ ಸಾಗುತ್ತಿದೆ. ವಿದ್ಯಾರ್ಥಿವೇತನ ಬಂದಿಲ್ಲ. ಈ ಸಲದ ಮೆಕ್ಕೆಜೋಳ ಮಾರಿದ ಹಣದಲ್ಲಿ ತಂದೆ ಹಾಸ್ಟೆಲಿನ ಬಾಕಿ ಕಟ್ಟಿದ್ದಾರೆ; ಸಾಲದ ಎರಡನೇ ಕಂತಿಗೆ ಅಂಕಪಟ್ಟಿ ಕೊಡಬೇಕೆಂದು ಬ್ಯಾಂಕಿನವರು ಹೇಳಿದ್ದಾರಂತೆ. ಪರೀಕ್ಷೆ ಮುಗಿದ ಕೂಡಲೇ ಅದನ್ನು ತೆಗೆದುಕೊಂಡು ಬರುತ್ತೇನೆ ಎಂದಿದ್ದಾಳೆ.